ಸಾವಿತ್ರೆವ್ವನ ಶಿಷ್ಯ

ಜಮಖಂಡಿಯ ನೌಕರಿ ಮನೆತನಗಳಲ್ಲಿ ಒಂದು ಕಾಲಕ್ಕೆ ಹೆಣ್ಣುಮಕ್ಕಳಿಗೆ ಸಿತಾರ ಕಲಿಸುತ್ತಿದ್ದರು. ಸಂಗೀತದ ಪ್ರೀತಿಯಿಂದ ಕಲಿಸುತ್ತಿದ್ದರು ಎಂದು ನೀವು ತಿಳಿದುಕೊಂಡರೆ ನೀವು ಬಹಳ ಒಳ್ಳೆಯ ಮನುಷ್ಯರು. ಕನ್ಯೆ ನೋಡಲು ಬಂದವರ ಮುಂದೆ ಅವಲಕ್ಕಿ ತಾಟು ಇಟ್ಟು, ಚಹಾ ಕೊಟ್ಟು, ಆಮೇಲೆ ಚಾಪೆ ಹಾಸಿ ಹುಡುಗಿ ಒಂದು ಗತ್ತು, ಅಂದರೆ ತಾಳಕ್ಕೆ ಕೂಡಿಸಿದ ಸಣ್ಣ ರಚನೆ, ಬಾರಿಸಬೇಕು. ಬಾರಿಸಿದಳೋ, ಹುಡುಗಿ ಸಂಸ್ಕಾರವಂತಳು. ಬೀಗರು ತಲೆದೂಗುವರು. ಲಗ್ನವಾದ ಮೇಲೆ ಸಿತಾರವೂ ಹುಡುಗಿಯ ಹಿಂದೆಯೇ ಗಂಡನ ಮನೆಗೆ ಹೋಗಿ, ಗವಸು ತೊಟ್ಟುಕೊಂಡು ಗೋಡೆಯ ಗೂಟಕ್ಕೆ ನೇತಾಡುವುದು. ಅಲ್ಲಿಗೆ ಅದರ ಕೆಲಸ ಮುಗಿಯಿತು. ಅವಳಿಗೆ ಬಾರಿಸಲು ಬರುತ್ತದೆ ಎಂದು ಗೊತ್ತಾದರೆ ಸಾಕಿತ್ತು. ಅವಳು ಬಾರಿಸುವುದು ಯಾರಿಗೂ ಬೇಕಿರಲಿಲ್ಲ. ಇಂಥ ಎಷ್ಟು ಸಿತಾರಗಳನ್ನು ಎಷ್ಟು ಗೋಡೆಗಳ ಮೇಲೆ ಕಂಡಿದ್ದೇನೋ. ಕಂಡಾಗಲೆಲ್ಲ ಆ ಮನೆಯ ಗಂಡಸರನ್ನೇ ಗೂಟಕ್ಕೆ ಹಾಕಬೇಕು ಅನ್ನಿಸಿದೆ.

ಸಾವಿತ್ರೆವ್ವ ಹೀಗೆ ಕಲಿತವಳು. ಅವಳಪ್ಪ ಮೂಲತಃ ನೇಕಾರರವನೇ, ಗುಮಾಸ್ತಿಕೆ ಸಿಕ್ಕು ಜಮಖಂಡಿ ಸೇರಿದ್ದ. ಊರಲ್ಲಿ ಜ್ಞಾನೇಶ್ವರ ಮಾಸ್ತರರು ಎಂಬ ಹಿರಿಯರು ಸಿತಾರ ಕಲಿಸುತ್ತಿದ್ದರು. ಮಗಳನ್ನು ಕರೆದುಕೊಂಡು ಹೋಗಿ, ಒಂದು ಗತ್ತು ಕಲಿಸಿದರೆ ಸಾಕು ಎಂದು ಹೇಳಿ ಬಂದ. ಆದರೆ ವರ ಕೂಡಿಬರಲಿಲ್ಲ. ಒಬ್ಬನಿಗೆ ಹುಡುಗಿಯ ಬಣ್ಣ ಹಿಡಿಸಲಿಲ್ಲ, ಇನ್ನೊಬ್ಬನಿಗೆ ಎತ್ತರ ಹಿಡಿಸಲಿಲ್ಲ. ಒಬ್ಬೊಬ್ಬ ಬೇಡವೆಂದು ಹೋದಾಗಲೂ ಮಾಸ್ತರರು ಹೊಸದೊಂದು ರಾಗ ಸುರು ಮಾಡಿದರು. ಮುದುಕರು ತೀರಿಕೊಳ್ಳುವ ಹೊತ್ತಿಗೆ ಹುಡುಗಿಗೆ ಅವರ ವಿದ್ಯೆಯೆಲ್ಲ ಬಂದಿತ್ತು. ವರ ಮಾತ್ರ ಬಂದಿರಲಿಲ್ಲ.

ಆಲಮಟ್ಟಿಯ ಹಿನ್ನೀರು ಬೀಳಗಿ ಸೀಮೆಗೆ ಏರುತ್ತಿದ್ದ ವರ್ಷಗಳಲ್ಲಿ ಬನಹಟ್ಟಿಯ ಹೊಳಬಸಪ್ಪ ಅವಳನ್ನು ನೋಡಲು ಬಂದ. ಅವಳು ಬಾರಿಸಿದಳು. ಅವನಿಗೆ ಏನೂ ತಿಳಿಯಲಿಲ್ಲ, ಒಪ್ಪಿಕೊಂಡ.

ಹೊಳಬಸಪ್ಪನ ಮನೆಯ ಮುಂದಿನ ಅರ್ಧದಲ್ಲಿ ಎರಡು ವಿದ್ಯುತ್ ಮಗ್ಗ. ಹಿಂದಿನ ಅರ್ಧದಲ್ಲಿ ಸಂಸಾರ. ಮಗ್ಗದ ಗದ್ದಲದಲ್ಲಿ ಹುಟ್ಟಿ ಬೆಳೆದವನು. ಅವನ ಓಣಿಯವರೆಲ್ಲ ಗುಟ್ಟನ್ನೂ ಕೂಗಿಯೇ ಹೇಳುತ್ತಾರೆ. ಹೊಳಬಸಪ್ಪ ಅದಕ್ಕಿಂತ ಒಂದು ಪಟ್ಟು ಜೋರು. ಹಾಗಾಗಿಯೇ ಈ ಕತೆಯ ಒಳಮನೆಯ ಮಾತುಗಳೆಲ್ಲ ಅದೇ ಓಣಿಯಲ್ಲಿರುವ ನನಗೆ ಗೊತ್ತಾದವು.

ಹಿಂದಿನ ಕೋಣೆಯಲ್ಲಿ ಜಾಗವಿಲ್ಲದೆ ಸಿತಾರವನ್ನು ಮಗ್ಗದ ಮೇಲಿನ ಗೋಡೆಗೆ ಹಾಕಿದರು. ಒಂದು ದಿನ ಕರೆಂಟು ಹೋಗಿ ಎರಡೂ ಮಗ್ಗ ಒಮ್ಮೆಲೇ ನಿಂತವು. ನಿಂತ ಮೇಲೂ ಗೋಡೆಯಿಂದ ಏನೋ ಸಣ್ಣಗೆ ಗುಂಯ್‌ಗುಡುತ್ತಿತ್ತು. ಹೊಳಬಸಪ್ಪ ಗವಸಿಗೆ ಕಿವಿ ಹಚ್ಚಿ ನಿಂತ.

"ಏ, ಇಲ್ಲಿ ಬಾ ಸ್ವಲ್ಪ. ಇದರಾಗ ಯಾರರ ಕುಂತಾರೇನ?"

"ಯಾರೂ ಕುಂತಿಲ್ರಿ," ಎಂದಳು ಸಾವಿತ್ರೆವ್ವ. "ಕೆಳಗ ಸಣ್ಣ ತಂತಿ ಇರತಾವು. ನಿಮ್ಮ ಮಗ್ಗದ ಸಪ್ಪಳಕ್ಕ ಅವು ತಾವ ನುಡ್ಯಾಕತ್ತಾವು."

"ಯಾರೂ ಮುಟ್ಟಲಾರದ?"

"ಮುಟ್ಟವರು ಇಲ್ಲಂತನ ಹಂಗ ಮಾಡಾಕತ್ತಾವು."

ಹೊಳಬಸಪ್ಪ ಗವಸಿನ ಮೇಲಿನ ಧೂಳು ಒರೆಸಿದ. ಆಮೇಲೆ, "ನನಗ ಕಲಸ್ತಿ ಏನ?" ಎಂದು ಕೇಳಿದ. ನಮ್ಮ ಕಡೆಯ ಗಂಡಸು ಹೆಂಡತಿಯ ಹತ್ತಿರ ಬೆಳಿಗ್ಗೆ ಚಹಾ ಕೇಳುತ್ತಾನೆ, ಮಧ್ಯಾಹ್ನ ರೊಟ್ಟಿ ಕೇಳುತ್ತಾನೆ, ವಿದ್ಯೆ ಕೇಳಿದ್ದನ್ನು ನಾನಂತೂ ಕೇಳಿರಲಿಲ್ಲ.

"ಕಲಸ್ತೀನ್ರಿ. ಆದ್ರ ಕಲಸೂ ಮುಂದ ನಾ ಹೇಣ್ತಿ ಅಲ್ಲ."

"ಮತ್ತ ಯಾರು?"

"ಮಾಸ್ತರ."

ಪಾಠದ ಕಟ್ಟಳೆಗಳನ್ನು ಅವಳು ತನ್ನ ಗುರುವಿನಿಂದ ಹಾಗೆಯೇ ತಂದಿದ್ದಳು. ವಾದ್ಯಕ್ಕೆ ನಮಸ್ಕಾರ ಮಾಡಬೇಕು. ಕಲಿಸುವವರು ಜಮಖಾನೆಯ ಮೇಲೆ, ಕಲಿಯುವವನು ನೆಲದ ಮೇಲೆ. ಗುರುವಿನ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳಬೇಕು. ಕಲಿಯುವವನು 'ರೀ' ಅನ್ನಬೇಕು. ಕಲಿಸುವವರು 'ನೀ' ಅನ್ನುತ್ತಾರೆ.

ಹೊಳಬಸಪ್ಪನ ತಾಯಿ ಗುರುಬಾಯಿಗೆ ಇದನ್ನು ಯಾರೂ ಹೇಳಿರಲಿಲ್ಲ. ಗಿರಣಿಯಿಂದ ಹಿಟ್ಟಿನ ಡಬ್ಬಿ ಹೊತ್ತುಕೊಂಡು ಬಂದವಳಿಗೆ ಬಾಗಿಲಲ್ಲೇ ಸೊಸೆಯ ದನಿ ಕೇಳಿಸಿತು.

"ಎಷ್ಟ ಸಲ ಹೇಳ್ಬೇಕೊ ನಿನಗ? ಬೆರಳ ಸಡ್ಲ ಬಿಡಬ್ಯಾಡ. ತಂತಿ ಒತ್ತಿ ಹಿಡಿ."

ಅದರ ಹಿಂದೆಯೇ ಮಗನ ದನಿ: "ಹೂನ್ರಿ. ತಪ್ಪಾತ್ರಿ."

ಗುರುಬಾಯಿ ಡಬ್ಬಿ ಇಳಿಸಿ ಒಳಗೆ ಇಣುಕಿದಳು. "ಯಾರ ಬಂದಾರಲೇ?"

"ಯಾರೂ ಬಂದಿಲ್ಲಬೇ."

"ಮತ್ತ ರೀ ಅಂತ ಯಾರಿಗಂದಿ?"

"ಮಾಸ್ತರಗ."

ಅಷ್ಟರಲ್ಲಿ ಸಾವಿತ್ರೆವ್ವ ಸೆರಗು ಸರಿ ಮಾಡಿಕೊಂಡು ಎದ್ದಿದ್ದಳು. "ಅತ್ತಿ, ಚಾ ಇಡ್ಲೇನ್ರಿ?"

"ಮದಲ ನೀ ಯಾರು ಅನ್ನೂದ ಹೇಳವಾ," ಎಂದಳು ಗುರುಬಾಯಿ. "ಆಮ್ಯಾಲ ಚಾ ಇಡು."

ಮಗನಿಗೆ ಏನೋ ಬಡಿದಿದೆ ಎಂದು ಆಕೆ ಕೆಲವು ದಿನ ಓಣಿಯಲ್ಲಿ ಹೇಳಿಕೊಂಡು ತಿರುಗಿದಳು. ಆದರೆ ಗುರುಬಾಯಿ ವ್ಯವಹಾರಸ್ಥೆ. ಪಾಠದ ಹೊತ್ತಿನಲ್ಲಿ ಮಗ ಯಾವುದಕ್ಕೂ ಇಲ್ಲವೆನ್ನುವುದಿಲ್ಲ ಎಂಬುದು ಬೇಗ ಅವಳ ಲಕ್ಷ್ಯಕ್ಕೆ ಬಂತು. ಆಮೇಲೆ ಪಾಠ ಸುರುವಾದ ಕೂಡಲೇ ಬಾಗಿಲಿಗೆ ಬಂದು ನಿಲ್ಲತೊಡಗಿದಳು. "ಸಾವಿತ್ರೆವ್ವ, ನೀರಿನ ಟಾಕಿ ತೊಳಿ ಅಂತ ಅವಗ ಹೇಳ. ನಾ ಹೇಳಿದ್ರ ಕೇಳಂಗಿಲ್ಲ, ಈಗ ನೀ ಹೇಳಿದ್ರ ಕೇಳ್ತಾನ."

ಹೊಳಬಸಪ್ಪನ ಕೈ ಒರಟು, ಕಿವಿ ಮಂದ, ಆದರೆ ಹಟ ದೊಡ್ಡದು. ವರ್ಷಗಟ್ಟಲೆ ಕಲಿತ. ಒಂದೇ ಕೆಟ್ಟ ಚಾಳಿ. ಸಿತಾರ ಬಾರಿಸುವುದು ಓಣಿಗೆ ಕೇಳಿಸಿದರೆ ಮಂದಿ ನಗುತ್ತಾರೆಂದು, ಎರಡೂ ಮಗ್ಗ ಹಚ್ಚಿಯೇ ಪಾಠಕ್ಕೂ ಅಭ್ಯಾಸಕ್ಕೂ ಕೂಡುತ್ತಿದ್ದ. ಲಾಳಿ ಈ ಕಡೆಯಿಂದ ಆ ಕಡೆಗೆ ಹೋಗಿ ಬಡಿಯುವ 'ಖಟ್' ಅವನ ತಾಳ. ಕಣ್ಣು ಬಟ್ಟೆಯ ಮೇಲೆ, ಬೆರಳು ತಂತಿಯ ಮೇಲೆ. ಎಳೆ ಹರಿದರೆ ಸಿತಾರ ಇಳಿಸಿ, ಎದ್ದು ಗಂಟು ಹಾಕಿ ಬಂದು, ಬಿಟ್ಟ ಸ್ವರದಿಂದಲೇ ಮುಂದುವರಿಸುತ್ತಿದ್ದ. ಕರೆಂಟು ಹೋದರೆ ಸಿತಾರ ಗೋಡೆಗೆ ಆನಿಸಿ ಮೂಲೆಯ ಚಹದಂಗಡಿಗೆ ಹೋಗುತ್ತಿದ್ದ. ಕರೆಂಟು ಹೋದಾಗ ಚಹಕ್ಕೆ ಹೋಗುವುದು ಬನಹಟ್ಟಿಯ ಓಣಿಗಳಲ್ಲಿ ಯಾರೂ ಕಲಿಸದೆ ಬರುವ ವಿದ್ಯೆ.

"ಮಗ್ಗಾ ಬಂದ್ ಮಾಡಿ ಬಾರಸು," ಎಂದು ಸಾವಿತ್ರೆವ್ವ ಹೇಳಿ ಹೇಳಿ ಸಾಕಾದಳು.

"ಮಂದಿ ಕೇಳ್ತಾರ್ರಿ."

"ಕೇಳಲಿ ಅಂತನ ಬಾರಸೂದು."

ಕೊನೆಗೆ ಕೇಳಿದವನು ತುಕಾರಾಮ. ಅವನ ಹಳ್ಳಿ ಬೀಳಗಿ ತಾಲೂಕಿನದು, ನೀರಿನಡಿ ಹೋಯಿತು. ಹಂಚು, ತೊಲೆ, ಬಾಗಿಲ ಚೌಕಟ್ಟಿನ ನಡುವೆ ತಬಲಾ ಜೋಡಿಯನ್ನೂ ಟ್ರ್ಯಾಕ್ಟರಿಗೆ ಹೇರಿಕೊಂಡು ಎದ್ದು ಬಂದು, ಬನಹಟ್ಟಿಯಲ್ಲಿ ಟೆಂಪೋ ಓಡಿಸುತ್ತಿದ್ದ. ಸೀರೆ ಗಂಟು ಹೇರಲು ಬಂದವನು ಮಗ್ಗದ ಸದ್ದಿನೊಳಗಿನ ಸಿತಾರ ಕೇಳಿ, ಸಂಜೆ ತಬಲಾ ಹಿಡಿದುಕೊಂಡೇ ಬಂದ. ವಾರದೊಳಗೆ ಊರಿಗೆಲ್ಲ ಸುದ್ದಿ.

ಆಗ ಸಮುದಾಯ ಭವನವೊಂದು ಕಟ್ಟಿ ಮುಗಿದಿತ್ತು. ಅದರ ಸಮಿತಿಯ ಅಧ್ಯಕ್ಷ ಅಪ್ಪಾಸಾಬ, ಬಟ್ಟೆ ವ್ಯಾಪಾರಿ. ಎಲ್ಲೆಲ್ಲಿ ಶಾಲು ಹಾರ ಇವೆಯೋ ಅಲ್ಲೆಲ್ಲ ಇರುವವನು. ಉದ್ಘಾಟನೆಗೆ ನಮ್ಮೂರಿನವನದೇ ಸಿತಾರ ಇರಲಿ ಎಂದು ಹೊಳಬಸಪ್ಪನ ಮನೆಗೆ ಬಂದ.

"ಒಂದ ತಾಸ ಬಾರಸಬೇಕ ನೋಡಪಾ ಹೊಳಬಸಪ್ಪಾ. ಫ್ಲೆಕ್ಸ್‌ನ್ಯಾಗ ಗುರುಗಳ ಹೆಸರ ಹಾಕಬೇಕಾಗೇತಿ. ಯಾರು ನಿನ್ನ ಗುರುಗಳು?"

ಹೊಳಬಸಪ್ಪ ಕಿವಿ ಮುಟ್ಟಿಕೊಂಡು ಹೇಳಿದ: "ಸಾವಿತ್ರೆವ್ವನವರು."

"ಯಾವ ಸಾವಿತ್ರೆವ್ವ? ಧಾರವಾಡದವರೇನ?"

"ಒಳಗ ಚಾ ಮಾಡಾಕತ್ತಾರ್ರಿ."

ಅಪ್ಪಾಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ. ಎದುರಿನವನು ನಗುತ್ತಿಲ್ಲವೆಂದು ಕಂಡು ತಾನೂ ನಿಲ್ಲಿಸಿದ. "ಅಲ್ಲಪಾ, ಹೇಣ್ತಿ ಹೆಸರ ಹಾಕಿದ್ರ ಮಂದಿ ಏನಂದಾರು? ಆಕಿಗೆ ಕಲಿಸಿದವರು ಯಾರು?"

"ಜಮಖಂಡಿ ಜ್ಞಾನೇಶ್ವರ ಮಾಸ್ತರು."

"ಹಾಂ, ಈ ಹೆಸರಿಗೆ ತೂಕ ಐತಿ. ಇದನ್ನ ಹಾಕೂಣು. ನಡುವಿಂದ ಬಿಡೂಣು."

ನಡುವಿನದು. ಅಜ್ಜನಿಗೆ ನೇರವಾಗಿ ಮೊಮ್ಮಗ ಹುಟ್ಟಿದ ಹಾಗೆ, ತಾಯಿ ಎಂಬುವಳು ಸುಮ್ಮನೆ ದಾರಿಗೆ ಅಡ್ಡ ನಿಂತಿದ್ದಳು ಎನ್ನುವ ಹಾಗೆ. ಈ ಸಮಿತಿಗಳ ಲೆಕ್ಕವೇ ಇಂಥದು. ಅಪ್ಪಾಸಾಬ ದೊಡ್ಡ ಮನಸ್ಸು ಮಾಡಿ ಇನ್ನೊಂದು ಮಾತನ್ನೂ ಸೇರಿಸಿದ: "ಸಾವಿತ್ರೆವ್ವ ವೈನಿಯವರ ಕಡಿಂದ ದೀಪಾ ಹಚ್ಚಸೂಣು. ಹಿತ್ತಾಳಿ ಸಮೆ ತಂದೇವಿ."

ನಮ್ಮ ವೇದಿಕೆಗಳಿಗೆ ಹೆಣ್ಣುಮಕ್ಕಳು ಬೇಕಾಗುವುದು ಎರಡಕ್ಕೆ: ದೀಪ ಹಚ್ಚಲು, ಶಾಲು ಇಟ್ಟ ತಾಟು ಹಿಡಿದು ನಿಲ್ಲಲು. ಮೈಕು ಅವರ ಬಾಯಿಯ ಎತ್ತರಕ್ಕೆ ಎಂದೂ ಇಳಿಯುವುದಿಲ್ಲ.

ಹೊಳಬಸಪ್ಪ ಏನೆಂದ? "ಆತ್ರಿ" ಎಂದ. ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ ಎಂದಲ್ಲ, ಚೆನ್ನಾಗಿಯೇ ಬೈದಿದ್ದೇನೆ. ಆದರೆ ಇಷ್ಟು ವರ್ಷ ಮಗ್ಗದ ಹಿಂದೆ ಅಡಗಿ ಬಾರಿಸಿದವನಿಗೆ ಒಮ್ಮೆ ಊರೆಲ್ಲ ಕೂತು ಕೇಳಲಿ ಎಂಬ ಆಸೆ ಗಂಟಲವರೆಗೆ ಬಂದಿತ್ತು. ಸಾವಿತ್ರೆವ್ವ ಚಹಾ ತಂದಿಟ್ಟಳು. ಎಲ್ಲ ಕೇಳಿಸಿತ್ತು.

ಬಾರಿಸಬೇಕಾದ ರಾಗ ಭೀಮಪಲಾಸ. ಆಲಾಪ ಆಗಿತ್ತು, ಗತ್ತು ಆಗಿತ್ತು. ಕೊನೆಗೆ ವೇಗವಾಗಿ ಬಾರಿಸುವ ಝಾಲಾದ ಪಾಠ ಬಾಕಿ ಇತ್ತು. ಸಂಜೆ ಹೊಳಬಸಪ್ಪ ನೆಲದ ಮೇಲೆ ಕೂತ. ಜಮಖಾನೆ ಖಾಲಿ ಇತ್ತು. ಸಾವಿತ್ರೆವ್ವ ಒಲೆಯ ಮುಂದಿದ್ದಳು.

"ಝಾಲಾ ಹೇಳಿಕೊಡ್ರಿ."

"ಯಾರನ್ನ ಕೇಳಾಕತ್ತೀರಿ?"

"ನಿಮ್ಮನ್ನರಿ."

"ನಾ ರೊಟ್ಟಿ ಬಡಿಯಾಕಿರಿ. ಝಾಲಾ ನನಗೇನ ಗೊತ್ತು? ನಿಮ್ಮ ಗುರುಗಳು ಜ್ಞಾನೇಶ್ವರ ಮಾಸ್ತರ ಅದಾರಲ್ಲ, ಅವರ್ನ ಕೇಳ್ರಿ."

"ಅವರು ತೀರಿಕೊಂಡಾರಲ್ಲ."

"ಹಂಗಾದ್ರ ಸ್ವಲ್ಪ ತಡಾ ಆಗತೈತಿ."

ಜಗಳವಿಲ್ಲ, ಅಳುವಿಲ್ಲ. ಹೊತ್ತಿಗೆ ಸರಿಯಾಗಿ ಊಟ ಬರುತ್ತಿತ್ತು, 'ರೀ' ತಪ್ಪುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಇದ್ದಳು, ಮಾಸ್ತರ ಇರಲಿಲ್ಲ. ಎಲ್ಲರಿಗಿಂತ ಹೆಚ್ಚು ಕಷ್ಟಪಟ್ಟವಳು ಗುರುಬಾಯಿ. "ನಿನ್ನ ಸಿತಾರ ಹಾಳಾಗಿ ಹೋಗ್ಲಿ," ಎಂದು ಮಗನಿಗೆ ಬೈದಳು. "ಪಾಠಾ ಬಂದಾಗಿ ನನ್ನ ಟಾಕಿ ಪಾಚಿಗಟ್ಟೈತಿ. ಹೋಗಿ ಆಕಿ ಹೆಸರ ಹಾಕಸು."

ಹೊಳಬಸಪ್ಪ ಅಪ್ಪಾಸಾಬನ ಅಂಗಡಿಗೆ ಹೋದ. "ಹೆಸರ ಬದಲ ಮಾಡ್ರಿ ಸಾವಕಾರ್ರ."

ಅಪ್ಪಾಸಾಬ ರಸ್ತೆಯ ಕಡೆ ಕೈ ತೋರಿಸಿದ. ಎದುರಿನ ಕಂಬಗಳ ನಡುವೆ ಫ್ಲೆಕ್ಸ್ ಆಗಲೇ ಏರಿತ್ತು. ಅದರಲ್ಲಿ ಕೈ ಮುಗಿದು ನಿಂತ ಅಪ್ಪಾಸಾಬ ಆಳೆತ್ತರ ಇದ್ದ. ಮೂಲೆಯಲ್ಲಿ ಅಂಚೆಚೀಟಿಯಷ್ಟು ಹೊಳಬಸಪ್ಪ, ಅವನ ಕೆಳಗೆ 'ಜ್ಞಾನೇಶ್ವರ ಮಾಸ್ತರರ ಪಟ್ಟಶಿಷ್ಯರು'. "ಅದು ಮುಗದಹೋದ ಮಾತ. ನೀ ಬರೇ ಬಾರಸು, ಮಾತಾಡೂದು ನಮಗ ಬಿಡು."

ಮನೆಗೆ ಬಂದು, "ನಾ ಹೋಗೂದಿಲ್ಲ" ಎಂದ.

"ಹೋಗ್ರಿ," ಎಂದಳು ಸಾವಿತ್ರೆವ್ವ. "ಅಲ್ಲಿ ನಿಮ್ಮ ಬಾಯಾಗ ಯಾರ ಹೆಸರ ಬರತೈತಿ, ಊರ ಮಂದಿ ಜೋಡಿ ನಾನೂ ಕೇಳ್ತೀನಿ."

ಭೀಮಪಲಾಸ ಮಧ್ಯಾಹ್ನದ ರಾಗ. ಕಾರ್ಯಕ್ರಮವೂ ಮಧ್ಯಾಹ್ನದ್ದೇ. ಆದರೆ ಮುಖ್ಯ ಅತಿಥಿಗಳು ಬಂದಾಗ ಬಿಸಿಲು ಇಳಿದಿತ್ತು. ಬಂದವರು ನೇಕಾರರ ಏಳಿಗೆಯ ಬಗ್ಗೆ ಮಾತಾಡಿದರು. ಅವರು ಹೊದ್ದ ಶಾಲು ಎಲ್ಲಿಯದೋ, ಬನಹಟ್ಟಿಯದಂತೂ ಅಲ್ಲ. ದೀಪ ಬೆಳಗಲು ಸಾವಿತ್ರೆವ್ವನ ಹೆಸರು ಕೂಗಿದರು. ಹೆಂಗಸರ ಸಾಲಿನಲ್ಲಿ ಅವಳು ಅಲುಗಲಿಲ್ಲ. ಮತ್ತೆ ಕೂಗಿದರು. ಪಕ್ಕದಲ್ಲಿದ್ದ ಗುರುಬಾಯಿ ಮೊಳಕಾಲು ಹಿಡಿದುಕೊಂಡು ಎದ್ದು ವೇದಿಕೆ ಏರಿದಳು. "ಕಡ್ಡಿಪಟ್ಟಿಗಿ ಕೊಡ್ರಿ ಇಲ್ಲೆ, ನಾ ಹಚ್ಚತೀನಿ. ನಾ ಯಾರಿಗೂ ಏನೂ ಕಲಿಸಿಲ್ಲ."

ಮಾತು ಮೈಕಿಗೆ ಸಿಕ್ಕಿದ್ದರಿಂದ ಎಲ್ಲರಿಗೂ ಕೇಳಿಸಿತು, ಯಾರಿಗೂ ಅರ್ಥವಾಗಲಿಲ್ಲ.

ನಿರೂಪಕ ಫ್ಲೆಕ್ಸಿನಲ್ಲಿದ್ದಷ್ಟನ್ನೂ ಓದಿದ. ಹೊಳಬಸಪ್ಪ ತಲೆ ಎತ್ತಲಿಲ್ಲ. ಬಾರಿಸತೊಡಗಿದ. ಜೋರಾಗಿತ್ತು, ಇವನಿಗೆ ಮೆಲ್ಲಗೆ ಬಾರಿಸುವುದು ಗೊತ್ತೇ ಇಲ್ಲ. ಆದರೂ ಕಟ್ಟು ಇತ್ತು. ಭವನದ ಸುತ್ತಲಿನ ಓಣಿಗಳಲ್ಲಿ ಮಗ್ಗ ನಡೆದಿದ್ದವು. ಕಿಟಕಿಯಿಂದ ಬರುತ್ತಿದ್ದ ಆ ಸದ್ದಿನ ಮೇಲೆ ಅವನ ಕೈ ಆರಾಮಾಗಿ ಕೂತಿತ್ತು. ಗತ್ತು ಹಿಡಿದ, ತುಕಾರಾಮನ ತಬಲಾ ಸೇರಿತು, ಜನ ಸದ್ದಿಲ್ಲದೆ ಕೂತರು.

ಆಗ ಕರೆಂಟು ಹೋಯಿತು. ಫ್ಯಾನು ನಿಂತವು, ಮೈಕು ನಿಂತಿತು, ಹೊರಗೆ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಹೊಳಬಸಪ್ಪನ ಕೈಯೂ ನಿಂತಿತು. ಸಿತಾರವನ್ನು ಮೆಲ್ಲಗೆ ಪಕ್ಕಕ್ಕೆ ಇಟ್ಟ. ಎದ್ದ. ವೇದಿಕೆಯ ಮೆಟ್ಟಿಲ ಕಡೆ ನಡೆದ.

"ಲೇ, ಎಲ್ಲಿಗ್ಯೊ?" ಎಂದ ತುಕಾರಾಮ.

"ಕರೆಂಟ್ ಹೋತಲ್ಲ."

ಇಡೀ ಸಭೆ ನಗಬೇಕಿತ್ತು. ನಗಲಿಲ್ಲ. ಯಾಕೆಂದರೆ ಸಭೆಯ ಅರ್ಧ ಜನ ತಾವೂ ಎದ್ದು ನಿಂತು ಚಪ್ಪಲಿ ಹುಡುಕುತ್ತಿದ್ದರು.

ಹೆಂಗಸರ ಸಾಲಿನಿಂದ ಒಂದು ದನಿ ಬಂತು. ದೊಡ್ಡದಲ್ಲ, ಮೈಕು ಬೇಕಾಗದ ದನಿ.

"ಎಲ್ಲಿ ಹೊಂಟಿ? ಕೂಡು."

ಯಾರಿಗೆ ಹೇಳಿದ್ದೆಂದು ತಿಳಿಯದೆ ಎದ್ದವರೆಲ್ಲ ಕೂತರು. ಅಪ್ಪಾಸಾಬನೂ ಕೂತ. ಹೊಳಬಸಪ್ಪ ಮೆಟ್ಟಿಲ ಮೇಲಿಂದ ತಿರುಗಿ, "ಹೂನ್ರಿ" ಎಂದು ಹೋಗಿ ಸಿತಾರ ಎತ್ತಿಕೊಂಡ. ಹೆಂಡತಿ ನಾಲ್ಕು ಜನರ ಎದುರಿಗೆ ಗಂಡನಿಗೆ 'ಕೂಡು' ಅನ್ನುವುದನ್ನೂ, ಗಂಡ ಅದಕ್ಕೆ 'ಹೂನ್ರಿ' ಅನ್ನುವುದನ್ನೂ ಬನಹಟ್ಟಿ ಅಂದೇ ಮೊದಲು ಕಂಡಿದ್ದು. ಹಿಂದಿನ ಸಾಲಿನಲ್ಲಿದ್ದ ನನಗೆ ಜನರ ಬೆನ್ನುಗಳಷ್ಟೇ ಕಾಣುತ್ತಿದ್ದವು. ಬೆನ್ನುಗಳೂ ಬೆರಗಾಗುತ್ತವೆ ಎಂದು ಅಂದು ತಿಳಿಯಿತು.

"ಮುಂದ ಝಾಲಾ ಐತ್ರಿ," ಎಂದ ಹೊಳಬಸಪ್ಪ, ಅಳುವ ದನಿಯಲ್ಲಿ. "ನನಗ ಬರೂದಿಲ್ರಿ."

ಸಾವಿತ್ರೆವ್ವ ಎದ್ದು ವೇದಿಕೆಯ ಮುಂದೆ ಬಂದು ನಿಂತಳು. ಅಷ್ಟು ದಿನ ಬಿಗಿಹಿಡಿದಿದ್ದ ಸಿಟ್ಟು ಎಲ್ಲಿ ಹೋಯಿತೋ. ಮುಂದೆ ಕೂತ ಶಿಷ್ಯನಿಗೆ ಪಾಠ ಬರುವುದಿಲ್ಲ ಎಂದಾಗ ಮಾಸ್ತರರಿಗೆ ಬೇರೆ ಏನೂ ಕಾಣುವುದಿಲ್ಲವೋ ಏನೋ. "ನಾ ಹೇಳ್ತೀನಿ, ಬಾರಸು," ಎಂದು ಕೈಯಿಂದ ತಾಳ ಹಾಕುತ್ತ, "ದಾ ರಾ ರಾ ರಾ, ದಾ ರಾ ರಾ ರಾ" ಎಂದು ಹೇಳತೊಡಗಿದಳು. ಅವನು ಬಾರಿಸಿದ, ತಪ್ಪಿದ. "ಅಲ್ಲ. ಮತ್ತ." ಮತ್ತೆ ಬಾರಿಸಿದ, ತುಕಾರಾಮ ತಪ್ಪಿದ. "ತುಕಾರಾಮಣ್ಣ, ನೀವು ಸ್ವಲ್ಪ ಸುಮ್ಮಕಿರ್ರಿ."

ಕಿಟಕಿಯಿಂದ ಬರುವ ಸಂಜೆ ಬೆಳಕಷ್ಟೇ ಇತ್ತು. ಮೈಕು ಇಲ್ಲದ್ದಕ್ಕೆ ಜನ ಮುಂದೆ ಬಾಗಿ ಕೂತರು. ಮಗ್ಗದ ಸದ್ದಿಲ್ಲದೆ ಹೊಳಬಸಪ್ಪ ಬಾರಿಸಿದ್ದು ಅವನ ಜೀವನದಲ್ಲಿ ಅದೇ ಮೊದಲು. ಮೆಲ್ಲಗೆ ಬಾರಿಸಿದ. ತಪ್ಪುತ್ತ, ಬೈಸಿಕೊಳ್ಳುತ್ತ, ಒಂದು ಸಲ ಝಾಲಾ ಕೈಗೆ ಬಂದೇ ಬಂತು; ತುಕಾರಾಮನಿಗೂ ಕೈಸನ್ನೆಯಲ್ಲಿ ಅಪ್ಪಣೆ ಸಿಕ್ಕಿತು. ಚಹದ ನೆನಪು ಯಾರಿಗೂ ಬರಲಿಲ್ಲ.

ಮುಗಿದ ಮೇಲೆ ಕರೆಂಟು ಬಂತು. ಬೆಳಕು ಬಿದ್ದದ್ದೇ ತಡ, ಅಪ್ಪಾಸಾಬ ಶಾಲು ಹಿಡಿದು ಮೈಕಿಗೆ ಬಂದ. "ಜ್ಞಾನೇಶ್ವರ ಮಾಸ್ತರರ ಪಟ್ಟಶಿಷ್ಯರಾದ ನಮ್ಮ ಹೊಳಬಸಪ್ಪನವರು..." ಕಂಡದ್ದನ್ನೆಲ್ಲ ಕಂಡ ಮೇಲೂ ಹೀಗೆ. ಇವರ ಕಣ್ಣು ಇರುವುದೇ ಫ್ಲೆಕ್ಸ್ ಓದಲು.

ಹೊಳಬಸಪ್ಪ ಎದ್ದು ಮೈಕು ತೆಗೆದುಕೊಂಡ.

"ನಾ ಜ್ಞಾನೇಶ್ವರ ಮಾಸ್ತರನ್ನ ನೋಡಿಲ್ರಿ. ಅವರು ತೀರಿಕೊಂಡಾಗ ನನಗ ಸಿತಾರ ಯಾವುದು ತಂಬೂರಿ ಯಾವುದು ಅನ್ನೂದ ಗೊತ್ತಿರಲಿಲ್ಲ. ನನ್ನ ಗುರುಗಳು ಸಾವಿತ್ರೆವ್ವನವರು. ಹೊರಗ ತೂಗಹಾಕಿದ್ದು ಸುಳ್ಳ ಐತಿ. ಆ ಸುಳ್ಳಿಗೆ ನಾನೂ ಹೂಂ ಅಂದಿದ್ದೆ, ತಪ್ಪಾತು. ಶಾಲ ಹೊಚ್ಚೂದಿದ್ರ ಅವರಿಗೆ ಹೊಚ್ಚರಿ."

ಅಪ್ಪಾಸಾಬ ಶಾಲು ಹಿಡಿದುಕೊಂಡು ಅವನ ಮುಖ, ಇವಳ ಮುಖ ನೋಡಿದ. ಹೆಂಗಸಿಗೆ ಗಂಡಸು ಶಾಲು ಹೊದಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಗುರುಬಾಯಿ ಅವನ ಕೈಯಿಂದ ಅದನ್ನು ಕಸಿದುಕೊಂಡು ಸೊಸೆಯ ಹೆಗಲಿಗೆ ಹಾಕಿ, "ಆತು, ಇನ್ನ ನಡೀರಿ, ಮನ್ಯಾಗ ಆಕಳ ಒದರಾಕತ್ತಿರತೈತಿ" ಎಂದಳು.

ಮನೆಯ ದಾರಿಯಲ್ಲಿ ಮುಂದೆ ಸಾವಿತ್ರೆವ್ವ, ಹಿಂದೆ ಸಿತಾರ ಹೊತ್ತ ಹೊಳಬಸಪ್ಪ, ಅವನ ಹಿಂದೆ ಗುರುಬಾಯಿ. ಸಾವಿತ್ರೆವ್ವ ದಾರಿಯುದ್ದಕ್ಕೂ ಅವನ ತಪ್ಪುಗಳನ್ನು ಹೇಳುತ್ತ ಹೋದಳು. ಆಲಾಪ ಅವಸರವಾಯಿತು. ನಿಷಾದ ಸ್ವರ ಪ್ರತಿಸಲ ಏರಿತು. ಎಳೆ ಹರಿದವರ ಹಾಗೆ ನಡುವೆ ಎರಡು ಸಲ ಬಾಗಿ ನೋಡಿದ.

"ಹೆಸರ ಹೇಳಿದ್ನೆಲ್ರಿ," ಎಂದ ಹೊಳಬಸಪ್ಪ. "ಇನ್ನೂ ಸಿಟ್ಟೇನ್ರಿ?"

"ಹೇಳೂದ ಹೇಳಿದ್ರಿ, ಛಲೋ ಬಾರಿಸಿ ಹೇಳಬೇಕಿತ್ತು. ಆ ನಿಷಾದ ಕೇಳಿದ ಮಂದಿ ಈಗ ಯಾರಿಗೆ ಬೈತಾರ? ನನಗ."

ಅವನು ಸಂತೋಷದಿಂದ ತಲೆ ಬಗ್ಗಿಸಿ ನಡೆದ. ಇಷ್ಟು ಬೈಗುಳ ತಿಂದು ಇಷ್ಟು ಹಗುರಾದ ಮನುಷ್ಯನನ್ನು ನಾನು ಕಂಡಿಲ್ಲ.

ಗುರುಬಾಯಿ ಹಿಂದಿನಿಂದ ಕೇಳಿದಳು: "ಅಲ್ಲ ಸಾವಿತ್ರೆವ್ವ, ಅವಗ ಹೇಳಿ ಹೇಳಿ ಸಾಯಾಕತ್ತಿ. ನೀ ಬಾರಸೂದು ಯಾವಾಗ?"

ಸಾವಿತ್ರೆವ್ವ ರಸ್ತೆಯ ನಡುವೆ ನಿಂತುಬಿಟ್ಟಳು. ಕನ್ಯೆ ನೋಡಲು ಬಂದವರನ್ನು ಬಿಟ್ಟರೆ ಆ ಮಾತನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಗಂಡ ಕೇಳಿರಲಿಲ್ಲ. ಅವಳ ಹೆಸರಿಗಾಗಿ ಇಷ್ಟೆಲ್ಲ ಸಿಟ್ಟಾದ ನನಗೂ ಅದು ಹೊಳೆದಿರಲಿಲ್ಲ.

"ಕೊಡ್ರಿ ಇಲ್ಲೆ," ಎಂದು ಹೊಳಬಸಪ್ಪನ ಹೆಗಲಿನಿಂದ ಸಿತಾರ ಇಳಿಸಿಕೊಂಡು, ತಾನೇ ಎತ್ತಿಕೊಂಡು ನಡೆದಳು.

ಆ ರಾತ್ರಿ ಅವರ ಮನೆಯಲ್ಲಿ ಮಗ್ಗ ನಡೆಯಲಿಲ್ಲ. ಅಡುಗೆ ಗುರುಬಾಯಿ ಮಾಡಿದಳು. ಸಾರಿಗೆ ಉಪ್ಪು ಬಹಳ ಬಿದ್ದಿತ್ತಂತೆ. ಒಳಗಿನಿಂದ ಸಾವಿತ್ರೆವ್ವನ ಸಿತಾರ ಕೇಳುತ್ತಿದ್ದುದರಿಂದ ಯಾರೂ ಏನೂ ಅನ್ನದೆ ಉಂಡರಂತೆ.